ಜಲಪಾತಕ್ಕೆ ಬಂದವರು ಬಸದಿಯನ್ನು ನೋಡದೆ ಮರಳುತ್ತಿದ್ದಾರೆ

ಸಂಪಾದಕರಿಗೆ,

ಮಾನ್ಯರೇ,

ಮಳೆಯ ಅಬ್ಬರ ಇಳಿದು ಹೊಳೆಯ ನೀರು ತಿಳಿಯಾಗುವ ಹೊತ್ತಿಗೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ರಸ್ತೆಗಳಲ್ಲಿ ಪ್ರವಾಸಿಗರ ವಾಹನಗಳ ಸಾಲು ಶುರುವಾಗುತ್ತದೆ. ಜೋಗ ನೋಡಿದವರು ಉಂಚಳ್ಳಿಗೆ, ಉಂಚಳ್ಳಿ ನೋಡಿದವರು ಯಾಣಕ್ಕೆ, ಅಲ್ಲಿಂದ ಮಾಗೋಡು, ಸಾತೊಡ್ಡಿ ಎಂದು ಎರಡು ದಿನದಲ್ಲಿ ಎಲ್ಲವನ್ನೂ ಮುಗಿಸಿ ಭಾನುವಾರ ರಾತ್ರಿ ಬೆಂಗಳೂರು, ಹುಬ್ಬಳ್ಳಿಯ ಹಾದಿ ಹಿಡಿಯುತ್ತಾರೆ. ದುಡಿಮೆಯ ನಡುವೆ ಸಿಕ್ಕ ಎರಡು ದಿನವನ್ನು ಹೀಗೆ ಕಳೆಯುವವರ ಮೇಲೆ ನನ್ನ ಆಕ್ಷೇಪವೇನೂ ಇಲ್ಲ. ಆಕ್ಷೇಪವಿರುವುದು, ಈ ಕಾಡುಸೀಮೆಯಲ್ಲಿ ನೋಡತಕ್ಕದ್ದನ್ನೆಲ್ಲ ನೀರು ಬೀಳುವ ಜಾಗಗಳ ಪಟ್ಟಿಯಾಗಿ ಕಂಡು, ಅದಕ್ಕೆ ತಕ್ಕಂತೆ ವೀಕ್ಷಣಾ ಕಟ್ಟೆ, ಕಾಂಕ್ರೀಟ್ ಮೆಟ್ಟಿಲು, ವಾಹನ ನಿಲುಗಡೆ ಎಂದು ಹಣ ಹಾಕುತ್ತ ಬಂದಿರುವ ನಮ್ಮ ಯೋಜನಾ ಕ್ರಮದ ಮೇಲೆ. ಅದೇ ರಸ್ತೆಗಳ ಮಗ್ಗುಲಲ್ಲಿ ಹಾಳು ಬಿದ್ದ ರಾಜಧಾನಿಗಳಿವೆ, ಬಸದಿಗಳಿವೆ, ವೀರಗಲ್ಲುಗಳಿವೆ. ಅವು ಏನೆಂದು ಹೇಳುವವರು ಮಾತ್ರ ಅಲ್ಲಿಲ್ಲ. ಬಹುಕಾಲ ಈ ಭಾಗದ ಶಾಲೆಗಳಲ್ಲಿ ಪಾಠ ಹೇಳಿ, ಮಕ್ಕಳನ್ನು ಈ ಸ್ಥಳಗಳಿಗೆಲ್ಲ ಕರೆದೊಯ್ದ ಅನುಭವದ ಮೇಲೆ ಹೇಳುವುದಾದರೆ, ಇಲ್ಲಿಗೆ ಈಗ ಮೊದಲು ಬೇಕಾಗಿರುವುದು ಆಯಾ ಊರಿನವರೇ ಆಗಿದ್ದು, ತಕ್ಕ ತರಬೇತಿ ಪಡೆದು, ಕಾಡನ್ನೂ ಚರಿತ್ರೆಯನ್ನೂ ಒಟ್ಟಿಗೆ ವಿವರಿಸಬಲ್ಲ ಮಾರ್ಗದರ್ಶಿಗಳು. ಉಳಿದ ಕಾಮಗಾರಿಗಳು ಆಮೇಲೆ ಆದರೂ ನಡೆದೀತು. ಪತ್ರ ತುಸು ದೀರ್ಘವಾಗಿದೆ. ವಿಷಯದ ಹರವನ್ನು ಗಮನಿಸಿ ಪ್ರಕಟಿಸಬೇಕಾಗಿ ವಿನಂತಿ.

ಕಾಡು ಮತ್ತು ಚರಿತ್ರೆಯನ್ನು ಒಟ್ಟಿಗೆ ಎಂದು ಒತ್ತಿ ಹೇಳುವುದಕ್ಕೆ ಗೇರುಸೊಪ್ಪಕ್ಕಿಂತ ಒಳ್ಳೆಯ ಕಾರಣ ಸಿಗಲಾರದು. ಜೋಗದಿಂದ ಹೊನ್ನಾವರದ ಕಡೆಗೆ ಘಟ್ಟ ಇಳಿದರೆ ಶರಾವತಿಯ ದಂಡೆಯಲ್ಲಿ ಗೇರುಸೊಪ್ಪ ಸಿಗುತ್ತದೆ. ಅದರ ಸಮೀಪದ ನಗರಬಸ್ತಿಕೇರಿಯ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿನಿಂದ ಒಳಗೆ ಹೊಕ್ಕರೂ ಎದುರಿಗೆ ಪದ್ಮಾಸನದಲ್ಲಿ ಕುಳಿತ ತೀರ್ಥಂಕರ. ಕಾರ್ಕಳದ 1586ರ ಚತುರ್ಮುಖ ಬಸದಿಯನ್ನು ನೋಡಿದ ಜನ ನಾಡಿನಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅದರ ಈ ಬಂಧುವನ್ನು ನೋಡಿದವರು ಬಹಳ ಕಡಿಮೆ. ಸುತ್ತಮುತ್ತ ಜ್ವಾಲಾಮಾಲಿನಿಯ ಗುಡಿ, ನೇಮಿನಾಥ, ಪಾರ್ಶ್ವನಾಥ, ವರ್ಧಮಾನ ಬಸದಿಗಳು, ನೆಲದಲ್ಲಿ ಅರ್ಧ ಹೂತ ಕಟ್ಟಡದ ಪಾಯಗಳು, ಶಾಸನದ ಕಲ್ಲುಗಳು. ಇದು ಕಾಡಿನಲ್ಲಿ ಕಟ್ಟಿದ ಗುಡಿ ಎಂದು ಪ್ರವಾಸಿಗರು ಭಾವಿಸುತ್ತಾರೆ. ನಿಜ ಸಂಗತಿ ತಿರುವುಮುರುವಾಗಿದೆ: ಇದು ಜನ ತುಂಬಿದ್ದ ಪಟ್ಟಣ, ಕಾಡು ಬಂದದ್ದು ಆಮೇಲೆ.

ಗೇರುಸೊಪ್ಪದ ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅಂದರೆ 54 ವರ್ಷ, ಈ ಸೀಮೆಯನ್ನು ಆಳಿದಳು. ಘಟ್ಟದ ಮೇಲಿನ ಕಾಳುಮೆಣಸು ಅವಳ ಬಂದರುಗಳ ಮೂಲಕ ಕಡಲಾಚೆ ಹೋಗುತ್ತಿತ್ತು. ಆ ವ್ಯಾಪಾರಕ್ಕಾಗಿ ಅವಳೊಂದಿಗೆ ಒಮ್ಮೆ ಕಾದಾಡುತ್ತ ಮತ್ತೊಮ್ಮೆ ಕೈಜೋಡಿಸುತ್ತ ಇದ್ದ ಪೋರ್ಚುಗೀಸರು ಅವಳನ್ನು ‘ರೈನಾ ದ ಪಿಮೆಂತಾ’, ಮೆಣಸಿನ ರಾಣಿ, ಎಂದು ಕರೆದರು. ಕೊನೆಗೆ ಕೆಳದಿ ಮತ್ತು (ಸಿದ್ದಾಪುರ ತಾಲ್ಲೂಕಿನ) ಬಿಳಗಿಯ ಅರಸರು ಕೂಡಿ ಗೇರುಸೊಪ್ಪವನ್ನು ಗೆದ್ದುಕೊಂಡರು, ರಾಣಿ ಸೆರೆಯಾದಳು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪಕ್ಕೆ ಬಂದು, ಅಲ್ಲಿಂದ ಘಟ್ಟ ಹತ್ತಿ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಹೋದ. ಹೆಸರಾಂತ ಪಟ್ಟಣವೂ ಅರಮನೆಯೂ ಅಷ್ಟರಲ್ಲೇ ಪಾಳುಬಿದ್ದು ಗಿಡಮರ ಬೆಳೆದಿದ್ದವು, ಬಡ ರೈತರ ಗುಡಿಸಲುಗಳಷ್ಟೇ ಉಳಿದಿದ್ದವು ಎಂಬುದನ್ನು ಅವನು ದಾಖಲಿಸಿದ್ದಾನೆ. ರಾಣಿಯ ಆಳಿಕೆ ಮುಗಿದು ಆಗಿನ್ನೂ 17 ವರ್ಷ. ಮಲೆನಾಡಿನ ಮಳೆಯಲ್ಲಿ ಒಂದು ಪಟ್ಟಣ ಕಾಡಾಗುವುದಕ್ಕೆ ಅಷ್ಟು ಸಮಯ ಸಾಕು. ಈ ಒಂದು ಸಂಗತಿಯನ್ನು ತಿಳಿದು ಬಸದಿಯ ಜಗಲಿಯ ಮೇಲೆ ನಿಂತು ಸುತ್ತ ನೋಡುವವರಿಗೂ, ಏನೂ ತಿಳಿಯದೆ ನಿಂತು ನೋಡುವವರಿಗೂ ಕಾಣುವ ಮರಗಳು ಒಂದೇ, ಆದರೆ ನೋಟ ಒಂದೇ ಅಲ್ಲ. ಮಕ್ಕಳನ್ನು ಅಲ್ಲಿ ನಿಲ್ಲಿಸಿ ಈ ಲೆಕ್ಕ ಹೇಳಿದಾಗ ಅವರು ಮೊದಲು ಮಾಡುತ್ತಿದ್ದ ಕೆಲಸ, ಕಾಲ ಕೆಳಗಿನ ತರಗೆಲೆಯನ್ನು ಸರಿಸಿ ಕಲ್ಲು ಹುಡುಕುವುದು.

ಕಾಳುಮೆಣಸಿನ ಬಳ್ಳಿ ಬಯಲಲ್ಲಿ ಬೆಳೆಯುವಂಥದ್ದಲ್ಲ. ಅದಕ್ಕೆ ನೆರಳು ಬೇಕು, ತೇವ ಬೇಕು, ಹಬ್ಬಲು ಮರ ಬೇಕು. ಘಟ್ಟದ ಕಾನುಗಳಲ್ಲಿ ಕಾಡುಮೆಣಸು ತಾನಾಗಿ ಬೆಳೆಯುತ್ತದೆ, ಅಡಿಕೆ ತೋಟಗಳಲ್ಲಿ ನಾವು ಇಂದಿಗೂ ಅದನ್ನು ಅಡಿಕೆ ಮರಕ್ಕೆ ಹಬ್ಬಿಸುತ್ತೇವೆ. ಹಾಗಿರುವಾಗ ಗೇರುಸೊಪ್ಪದ ಬಸದಿಗಳನ್ನು ಕಟ್ಟಿದ ಸಂಪತ್ತಿನ ಮೂಲ ಅದರ ಬೆನ್ನಿಗಿರುವ ಕಾಡೇ. ಅರಣ್ಯ ಇಲಾಖೆಯ ಫಲಕದಲ್ಲಿ ಮರದ ಶಾಸ್ತ್ರೀಯ ಹೆಸರು, ಪುರಾತತ್ವ ಇಲಾಖೆಯ ಫಲಕದಲ್ಲಿ ಸ್ಮಾರಕ ಕೆಡಿಸಿದರೆ ಆಗುವ ಶಿಕ್ಷೆ, ಪ್ರವಾಸೋದ್ಯಮ ಇಲಾಖೆಯ ಫಲಕದಲ್ಲಿ ಬಾಣದ ಗುರುತು ಮತ್ತು ಕಿಲೋಮೀಟರು. ಇವುಗಳಲ್ಲಿ ಯಾವುದೂ ಮೆಣಸಿನ ಬಳ್ಳಿಗೂ ಬಸದಿಗೂ ಇರುವ ನಂಟನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಮನುಷ್ಯರೇ ಆಗಬೇಕು, ಅದರಲ್ಲೂ ಮೆಣಸು ಕೊಯ್ದು ಗೊತ್ತಿರುವವರಾದರೆ ಇನ್ನೂ ಒಳ್ಳೆಯದು.

ಶಿರಸಿಯಿಂದ 20 ಕಿ.ಮೀ. ಆಸುಪಾಸಿನಲ್ಲಿರುವ ಸೋಂದಾ, ಅಂದರೆ ಸೋದೆಯ ಕಥೆಯೂ ಹೀಗೆಯೇ. ಅದು ಸೋದೆಯ ಅರಸರ ರಾಜಧಾನಿಯಾಗಿತ್ತು; 1760ರ ದಶಕದಲ್ಲಿ ಹೈದರಾಲಿಯ ದಾಳಿಗೆ ಸಿಕ್ಕಿ ಅರಸು ಮನೆತನ ಗೋವೆಯಲ್ಲಿ ಆಶ್ರಯ ಪಡೆಯಿತು. ಇಂದು ಅಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ವಾದಿರಾಜ ಮಠವಿದೆ, ಸ್ವರ್ಣವಲ್ಲೀ ಮಠವಿದೆ, ಜೈನ ಮಠವಿದೆ, ಕೋಟೆಯ ಅವಶೇಷಗಳಿವೆ. ಮೂರು ಪರಂಪರೆಗಳು ಒಂದು ಸಣ್ಣ ಅರಸೊತ್ತಿಗೆಯ ನೆರಳಿನಲ್ಲಿ ಹೀಗೆ ಅಕ್ಕಪಕ್ಕ ನೆಲೆ ನಿಂತದ್ದು ಹೇಗೆ ಎಂಬ ಪ್ರಶ್ನೆಯೇ ಒಂದು ಇಡೀ ದಿನದ ಪ್ರವಾಸಕ್ಕೆ ಸಾಕಾಗುವಷ್ಟು ದೊಡ್ಡದು. ಅದೇ ಊರಿನ ಮುಂಡಿಗೆಕೆರೆಯಲ್ಲಿ ಮಳೆಗಾಲದ ಆರಂಭಕ್ಕೆ ಬೆಳ್ಳಕ್ಕಿಗಳು ಬಂದು ಮುಂಡಿಗೆ ಗಿಡಗಳ ಮೇಲೆ ಗೂಡು ಕಟ್ಟುತ್ತವೆ. ಬರುವವರು ಸಾಮಾನ್ಯವಾಗಿ ತಮ್ಮ ತಮ್ಮ ಮಠಕ್ಕೆ ಹೋಗಿ ಪ್ರಸಾದ ಸ್ವೀಕರಿಸಿ ಹಿಂದಿರುಗುತ್ತಾರೆ. ಕೆರೆಯ ಹಕ್ಕಿಗಳ ಸುದ್ದಿ ಹಕ್ಕಿ ನೋಡುವ ಹವ್ಯಾಸದವರಿಗೆ, ಕೋಟೆಯ ಸುದ್ದಿ ಸಂಶೋಧಕರಿಗೆ ಎಂಬಂತಾಗಿದೆ.

ಸೋಂದಾಕ್ಕೆ ಸಮೀಪದ ಸಹಸ್ರಲಿಂಗದಲ್ಲಿ ಎದುರಾಗುವುದು ಬೇರೆಯದೇ ತೊಂದರೆ. ಶಾಲ್ಮಲಾ ಹೊಳೆಯ ಪಾತ್ರದ ಬಂಡೆಗಳ ಮೇಲೆ ಕೆತ್ತಿದ ನೂರಾರು ಲಿಂಗಗಳು ಸೋದೆಯ ಸದಾಶಿವರಾಯನ ಕಾಲದವು (1678–1718) ಎಂದು ಹೇಳಲಾಗುತ್ತದೆ. ಒಂದು ಬಂಡೆಯ ಬಳಿ ಕುಳಿತು ನಿಧಾನವಾಗಿ ನೋಡಿದರೆ, ಪಾಣಿಪೀಠದ ಮೇಲಿನ ಗೆರೆಗಳು ಒಂದರಲ್ಲಿ ಇನ್ನೂ ಚೂಪಾಗಿರುವುದು, ಮತ್ತೊಂದರಲ್ಲಿ ನೀರಿನ ಸವೆತಕ್ಕೆ ಅಳಿಸಿಹೋಗಿರುವುದು, ಲಿಂಗಕ್ಕೆ ಎದುರಾಗಿ ಬಂಡೆಯ ಮೈಯಿಂದಲೇ ಎದ್ದುಬಂದ ನಂದಿ, ಎಲ್ಲವೂ ಕಾಣುತ್ತವೆ. ಆದರೆ ಇದೆಲ್ಲ ಹೊಳೆಯ ನೀರು ಇಳಿದ ಮೇಲಿನ ಮಾತು. ಆಷಾಢ, ಶ್ರಾವಣದಲ್ಲಿ ದೂರದ ಊರುಗಳಿಂದ ಬಂದವರು ಕೆಂಪು ನೀರು ಉಕ್ಕಿ ಹರಿಯುವುದನ್ನಷ್ಟೇ ಕಂಡು, ‘ಲಿಂಗ ಎಲ್ಲಿವೆ?’ ಎಂದು ಕೇಳುತ್ತ ಜಾರುವ ಬಂಡೆಯ ಅಂಚಿಗೆ ಇಳಿಯುತ್ತಾರೆ. ನವೆಂಬರ್ ಕಳೆದ ಮೇಲೆ ಬಂದವರು ಲಿಂಗದ ಮೇಲೆಯೇ ಚಪ್ಪಲಿ ಕಾಲೂರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡನ್ನೂ ತಡೆಯಲು ಪೊಲೀಸರು ಬೇಕಿಲ್ಲ. ಹೊಳೆಗೆ ಇಳಿಯುವ ಮೊದಲೇ ಸಿಗುವ ಒಬ್ಬ ತಿಳಿದ ಮನುಷ್ಯ, ಯಾವ ತಿಂಗಳಲ್ಲಿ ಏನು ಕಾಣುತ್ತದೆ ಎಂದು ತಿಳಿಸುವ ಒಂದು ಫಲಕ ಇದ್ದರೆ ಬಹುಮಟ್ಟಿಗೆ ಸಾಕು. ಉಂಚಳ್ಳಿಯದೂ ಇದೇ ಪಾಡು. ಊರವರು ಕೆಪ್ಪಜೋಗ ಎಂದು ಕರೆಯುವ ಈ 116 ಮೀಟರ್ ಎತ್ತರದ ಜಲಪಾತ ಸುರಿಮಳೆಯ ದಿನಗಳಲ್ಲಿ ಮಂಜಿನ ಹಿಂದೆ ಸದ್ದಾಗಿ ಮಾತ್ರ ಸಿಗುತ್ತದೆ. ಕಣ್ತುಂಬ ಕಾಣಬೇಕಾದರೆ ಅಕ್ಟೋಬರ್‌ವರೆಗೆ ತಡೆಯಬೇಕು. ಈ ಸರಳ ಸಂಗತಿಯನ್ನು ತಿಳಿಸುವ ಏರ್ಪಾಡು ಎಲ್ಲಿಯೂ ಇಲ್ಲದಿರುವುದರಿಂದ ಜುಲೈಯಲ್ಲಿ ದಟ್ಟಣೆ, ನವೆಂಬರಿನ ವಾರದ ದಿನಗಳಲ್ಲಿ ಭಣಭಣ.

ಬನವಾಸಿಯ ವಿಷಯದಲ್ಲಿ ನಾನು ಹೆಚ್ಚು ಬರೆಯಬೇಕಿಲ್ಲ. ಕದಂಬರ ರಾಜಧಾನಿಯೆಂದು ನಾಡಿಗೆಲ್ಲ ಗೊತ್ತಿದೆ, ಕದಂಬೋತ್ಸವದ ದಿನಗಳಲ್ಲಿ ಸರ್ಕಾರವೇ ಅಲ್ಲಿಗೆ ಬರುತ್ತದೆ. ಉತ್ಸವದ ಶಾಮಿಯಾನ ಬಿಚ್ಚಿದ ಮೇಲೆ ಮಧುಕೇಶ್ವರ ದೇವಾಲಯಕ್ಕೆ ಬಂದವರಿಗೆ, ಪ್ರಾಕೃತ ಶಾಸನವುಳ್ಳ ಐದು ಹೆಡೆಯ ನಾಗಶಿಲೆಯು ಕದಂಬರಿಗಿಂತಲೂ ಹಿಂದಿನದೆಂದು ತೋರಿಸಿ ಹೇಳುವವರು ಸಿಗುವುದು ಅದೃಷ್ಟದ ಮಾತು. ಸೋದೆಯ ಅರಸರ ಕಾಲದ ಕಲ್ಲಿನ ಮಂಚವನ್ನು ಕಂಡು ಬೆರಗಾಗುವವರು ಅದೇ ಸೋದೆ ಇಲ್ಲಿಂದ ಒಂದು ತಾಸಿನ ದಾರಿ ಎಂದು ತಿಳಿಯದೆಯೇ ಬಸ್ಸು ಹತ್ತುತ್ತಾರೆ.

ಇನ್ನು ಯಾಣ. ‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬ ಗಾದೆ ಹುಟ್ಟಿದ್ದು ಆ ಕಾಡುದಾರಿಯ ಕಷ್ಟ ಕಂಡವರ ಬಾಯಲ್ಲಿ. ಈಗ ರೊಕ್ಕಿದ್ದವರೇ ಎರಡೂ ಕಡೆಗೆ ಕಾರಿನಲ್ಲಿ ಹೋಗಿಬರುತ್ತಾರೆ, ಸೊಕ್ಕನ್ನು ಕೆಲವರು ಜೊತೆಗೆ ಒಯ್ಯುತ್ತಾರೆ ಎಂಬುದು ಅಲ್ಲಿ ಬಿದ್ದಿರುವ ಬಾಟಲಿಗಳಿಂದ ತಿಳಿಯುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಎರಡೂ ಕಪ್ಪುಗಟ್ಟಿದ ಸುಣ್ಣದ ಕಲ್ಲು. ಕಾರ್ಬನ್ ಡೈಆಕ್ಸೈಡ್ ಸೇರಿ ತುಸು ಆಮ್ಲೀಯವಾದ ಮಳೆನೀರು ಸುಣ್ಣದ ಕಲ್ಲನ್ನು ಕರಗಿಸುತ್ತ, ಬಿರುಕುಗಳನ್ನು ಅಗಲಿಸುತ್ತ ಬಂದುದರಿಂದ ಈ ಚೂಪು ರೂಪಗಳೂ ಗುಹೆಯೂ ಆದವು. ಗುಹೆಯ ಲಿಂಗದ ಮೇಲೆ ಸದಾ ನೀರು ಜಿನುಗುವುದೂ ಆ ಬಿರುಕುಗಳಿಂದಲೇ. ಭಸ್ಮಾಸುರನ ಕಥೆಯನ್ನೂ ಈ ಭೂವಿಜ್ಞಾನವನ್ನೂ ಒಂದೇ ಬಾಯಲ್ಲಿ, ಒಂದನ್ನು ಹೇಳುವಾಗ ಇನ್ನೊಂದನ್ನು ಹೀಗಳೆಯದೆ ಹೇಳಬಲ್ಲ ಸ್ಥಳೀಯ ತರುಣ ತರುಣಿಯರು ಬೇಕು. ಅಂಥವರನ್ನು ತಯಾರು ಮಾಡುವುದು ಕಷ್ಟವಲ್ಲ. ನಮ್ಮ ಭಾಗದ ಮಕ್ಕಳು ಯಕ್ಷಗಾನದ ಮಾತುಗಾರಿಕೆ ಕೇಳಿ ಬೆಳೆದವರು, ನಾಲ್ಕು ಜನರೆದುರು ನಿಂತು ಮಾತನಾಡುವ ಸಂಕೋಚ ಅವರಿಗೆ ಕಡಿಮೆ. ಕೊರತೆಯಿರುವುದು ಖಚಿತ ಮಾಹಿತಿಯದು ಮತ್ತು ದಿನದ ಕೂಲಿಯದು.

ತರಬೇತಿಯಲ್ಲಿ ಏನು ಕಲಿಸಬೇಕೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಾಡಂಚಿನ ಊರುಗಳಲ್ಲಿ ಕೆರೆಯ ಏರಿಯ ಮೇಲೆ, ಹಳೆಯ ಗುಡಿಯ ಹಿಂದೆ ಪಾಚಿ ಹಿಡಿದ ವೀರಗಲ್ಲುಗಳು ನಿಂತಿರುತ್ತವೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ವೀರ ಹೋರಾಡುತ್ತಿರುತ್ತಾನೆ, ಅಲ್ಲಿ ದನಗಳ ಚಿತ್ರವಿದ್ದರೆ ಅದು ದನಗಳಿಗಾಗಿ ನಡೆದ ತುರುಗೋಳಿನ ಕಾಳಗ, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಅವನು ಲಿಂಗದ ಎದುರು ಕುಳಿತಿರುತ್ತಾನೆ, ಅದಕ್ಕೂ ಮೇಲೆ ಸೂರ್ಯ ಚಂದ್ರರು, ಈ ಕೀರ್ತಿ ಅವರಿರುವ ತನಕ ಎಂಬ ಅರ್ಥದಲ್ಲಿ. ಕಂಬದಿಂದ ಬಳೆ ತೊಟ್ಟ ಕೈಯೊಂದು ಮೇಲೆದ್ದಂತೆ ಕೆತ್ತಿದ್ದರೆ ಅದು ಗಂಡನ ಚಿತೆಯೇರಿದವಳ ನೆನಪಿನ ಮಾಸ್ತಿಕಲ್ಲು. ಉಪವಾಸದ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ್ದಾದರೆ ನಿಸಿಧಿಗಲ್ಲು. ಇಷ್ಟನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಕಲಿತವರಿಗೆ ತಮ್ಮ ಊರಿನ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿ ಉಳಿಯುವುದಿಲ್ಲ. ನಿಧಿಯಾಸೆಗೆ ಹಳೆಯ ಗುಡಿಗಳ ಪೀಠ ಅಗೆಯುವ ಪಿಡುಗು ನಮ್ಮ ನಾಡಿನಲ್ಲಿ ಹೊಸದಲ್ಲ. ಪ್ರತಿ ಬಸದಿಗೂ ಕಾವಲುಗಾರರನ್ನು ನೇಮಿಸಲಾಗದ ಸರ್ಕಾರಕ್ಕೆ, ಊರಿನವರು ತಾವಾಗಿ ಅದರ ಮೇಲೆ ಕಣ್ಣಿಡುವಂತೆ ಮಾಡುವುದಕ್ಕಿಂತ ಅಗ್ಗದ ಕಾವಲು ಬೇರೊಂದಿಲ್ಲ.

ಈಗಿನ ಪಟ್ಟಿ ಹಿಡಿದು ಓಡುವ ಕ್ರಮದ ಬದಲು ಒಂದು ಹೊಳೆಯನ್ನೇ ದಾರಿಯಾಗಿ ಹಿಡಿದು ಪ್ರವಾಸ ರೂಪಿಸಬಹುದು ಎಂಬುದು ನನ್ನ ಸಲಹೆ. ಅಘನಾಶಿನಿಯನ್ನು ತೆಗೆದುಕೊಳ್ಳಿ. ಅದರ ಒಂದು ಮೂಲ ಶಿರಸಿ ಪೇಟೆಯ ಶಂಕರ ಹೊಂಡ, ಇನ್ನೊಂದು ಮಂಜುಗುಣಿಯ ಕಡೆಯದು. ಅಣೆಕಟ್ಟು ಕಾಣದೆ ಕಡಲು ಸೇರುವ ಈ ಹೊಳೆ ಉಂಚಳ್ಳಿಯಲ್ಲಿ ಘಟ್ಟದಿಂದ ಧುಮುಕಿ, ಸಿಂಗಳೀಕಗಳ ಸಂರಕ್ಷಣೆಗೆಂದು 2011ರಲ್ಲಿ ಘೋಷಿಸಿದ ಕಾಡಿನ ನಡುವೆ ಹರಿದು, ಮಿರ್ಜಾನ್ ಕೋಟೆಯ ನೆರೆಯಲ್ಲಿ ಸಾಗಿ, ಕುಮಟಾದ ಹತ್ತಿರ ಅಳಿವೆಯಾಗುತ್ತದೆ. ಮಿರ್ಜಾನಿನ ಚಿರೆಕಲ್ಲಿನ ಕೋಟೆಯಲ್ಲಿ ನಡೆದ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಕಾಳುಮೆಣಸು ಹೊರಟ ದಾರಿಯಲ್ಲೇ ಅವು ಒಳಬಂದವು ಎಂದು ಊಹಿಸಿದರೆ ತಪ್ಪಾಗಲಾರದು. ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಇಳಿತದ ಹೊತ್ತಿನಲ್ಲಿ ಹೆಂಗಸರು ಕೆಸರಿನಲ್ಲಿ ಚಿಪ್ಪಿ ಆರಿಸುತ್ತಾರೆ. ಈ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. ಘಟ್ಟದ ಮೇಲಿನ ಹೊಂಡದಿಂದ ಕಡಲಿನವರೆಗೆ ಮೂರು ದಿನ ಹೀಗೆ ಇಳಿದವರಿಗೆ ಕಾಡು, ಬೇಸಾಯ, ವ್ಯಾಪಾರ, ಯುದ್ಧ ಎಲ್ಲವೂ ಒಂದೇ ನೀರಿನ ಜೊತೆಗೆ ಅರ್ಥವಾಗುತ್ತವೆ. ದಾರಿಯುದ್ದಕ್ಕೂ ಉಳಿಯುವುದು, ಉಣ್ಣುವುದು ಹಳ್ಳಿಮನೆಗಳಲ್ಲೇ ಆದರೆ ಹಣವೂ ಅಲ್ಲಿಯೇ ಉಳಿಯುತ್ತದೆ. ಮಗುಚಿ ಹಾಕಿದ ಮಡಕೆಯ ಬೆನ್ನಿನ ಮೇಲೆ ಅಕ್ಕಿ ಮತ್ತು ಕಬ್ಬಿನ ಹಾಲಿನ ಹಿಟ್ಟನ್ನು ಬಟ್ಟೆಯಿಂದ ತೆಳ್ಳಗೆ ಎಳೆದು ತೊಡೆದೇವು ಮಾಡುವುದನ್ನು ಒಮ್ಮೆ ಕಣ್ಣಾರೆ ಕಂಡವರು ಅದನ್ನು ಕೊಳ್ಳದೆ ಹೋಗುವುದಿಲ್ಲ. ನಮ್ಮ ಮಹಿಳಾ ಸಂಘಗಳಿಗೆ ಇದಕ್ಕಿಂತ ಹೆಚ್ಚಿನ ಜಾಹೀರಾತು ಬೇಕಿಲ್ಲ.

ಇಷ್ಟು ಹೇಳಿದ ಮೇಲೆ, ಎಲ್ಲ ಜಾಗಕ್ಕೂ ಜನರನ್ನು ಕರೆಯಬೇಕೆಂದು ನಾನು ವಾದಿಸುತ್ತಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ನಿಲ್ಲುವ ಆ ಕೆಸರಿನಲ್ಲಿ ಮರಗಳು ಉಸಿರಾಡಲು ಮಂಡಿಯಂತೆ ಬಾಗಿದ ಬೇರುಗಳನ್ನು ಮೇಲಕ್ಕೆ ಚಾಚಿರುತ್ತವೆ. ಅಲ್ಲಿ ಜನ ಗುಂಪಾಗಿ ನಡೆದಾಡಿದರೆ ಮಣ್ಣು ಗಟ್ಟಿಯಾಗಿ ಸಸಿಗಳು ಏಳುವುದಿಲ್ಲ. ಇಂಥ ಜಾಗಗಳು ನಕ್ಷೆಯಲ್ಲಿ ಕಾಣದಿದ್ದರೇ ಕ್ಷೇಮ. ಸಂಶೋಧಕರಿಗೆ ಅನುಮತಿಯ ಮೇಲೆ ಪ್ರವೇಶ, ಉಳಿದವರಿಗೆ ರಸ್ತೆ ಬದಿಯಲ್ಲಿ ವಿವರಣೆ, ಅಷ್ಟು ಸಾಕು. ದೇವರ ಕಾಡುಗಳಲ್ಲಿಯೂ ಊರವರ ಕಟ್ಟುಪಾಡೇ ಮೊದಲು ನಡೆಯಬೇಕು. 1983ರಲ್ಲಿ ಶಿರಸಿ ಸಮೀಪದ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿಯುವವರನ್ನು ಹಿಂದಕ್ಕೆ ಕಳಿಸಿದ ಸೀಮೆ ಇದು. ಆ ಅಪ್ಪಿಕೋ ಚಳವಳಿ ನಡೆದ ಕಾಡನ್ನು ತೋರಿಸಿ ಅದರ ಕಥೆ ಹೇಳುವ ವ್ಯವಸ್ಥೆ ಇನ್ನೂ ಆಗಿಲ್ಲವೆಂಬುದು ನನ್ನ ಮಟ್ಟಿಗೆ ಖೇದದ ಸಂಗತಿ. ಮಾರ್ಗದರ್ಶಿಗಳ ಪಾಠದಲ್ಲಿ ಅದು ಮೊದಲ ಅಧ್ಯಾಯವಾಗಬೇಕು.

ಆಡಳಿತದ ತೊಡಕುಗಳು ನನಗೆ ತಿಳಿಯದ್ದೇನಲ್ಲ. ಸ್ಮಾರಕ ಒಂದು ಇಲಾಖೆಯದು, ಅದಕ್ಕೆ ಹೋಗುವ ಕಾಡುದಾರಿ ಇನ್ನೊಂದರದು, ಗುಡಿಯ ಪೂಜೆ ಮತ್ತೊಂದರ ಅಥವಾ ಮಠದ ಉಸ್ತುವಾರಿಯದು, ಕಸ ಎತ್ತುವ ಹೊಣೆ ಗ್ರಾಮ ಪಂಚಾಯಿತಿಯದು. ಬಸದಿಗೆ ಬರುವ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಕಟ್ಟೋಣವೆಂದರೆ, ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು, ಅದಕ್ಕೂ ಆಚೆ ಅರಣ್ಯ. ನಿಯಮಗಳು ಸರಿಯಾಗಿಯೇ ಇವೆ, ಸಡಿಲಿಸುವುದು ಬೇಡ. ಸೌಕರ್ಯಗಳನ್ನು ಊರಿನೊಳಗೆ, ವಾಹನ ನಿಲ್ಲುವ ಜಾಗದಲ್ಲೇ ಕಟ್ಟಿ, ಅಲ್ಲಿಂದ ಮುಂದೆ ಮಾರ್ಗದರ್ಶಿಯ ಜೊತೆ ನಡೆದು ಹೋಗುವ ಏರ್ಪಾಡಾದರೆ ಯಾವ ನಿಯಮವೂ ಅಡ್ಡ ಬರುವುದಿಲ್ಲ, ಕಾರುಗಳು ಬಸದಿಯ ಮೆಟ್ಟಿಲವರೆಗೆ ಬಂದು ನಿಲ್ಲುವುದೂ ತಪ್ಪುತ್ತದೆ. ನಡೆಯಲಾಗದ ಹಿರಿಯರಿಗೆ ಪಂಚಾಯಿತಿಯಿಂದಲೇ ಒಂದು ಸಣ್ಣ ವಾಹನವಿಟ್ಟರಾಯಿತು.

ಚಾರಣದ ಜಾಗಗಳಲ್ಲಿ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ ಮುಂಗಡ ಕಾಯ್ದಿರಿಸುವ ಪದ್ಧತಿಯನ್ನು ಅರಣ್ಯ ಇಲಾಖೆ ಈಗಾಗಲೇ ತಂದಿದೆ. ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಆದ ನೂಕುನುಗ್ಗಲಿನ ನಂತರ ಅದಕ್ಕೆ ವೇಗ ಬಂತು. ಉಂಚಳ್ಳಿಗೂ ಯಾಣಕ್ಕೂ ಮಳೆಗಾಲದ ವಾರಾಂತ್ಯಗಳಲ್ಲಿ ಇಂಥ ಮಿತಿ ಬೇಕು; ಆದರೆ ಕಾಯ್ದಿರಿಸಿದ ಹಣದಲ್ಲಿ ಒಂದು ಪಾಲು ನೇರವಾಗಿ ಆ ಊರಿನ ಮಾರ್ಗದರ್ಶಿಗೆ, ಇನ್ನೊಂದು ಪಾಲು ಕಸ ಎತ್ತುವವರಿಗೆ ಸಲ್ಲಬೇಕು. ಊರಿಗೆ ಕಸವಷ್ಟೇ ಉಳಿದು, ಹಣ ಬೇರೆಡೆಗೆ ಹೋಗುವ ವ್ಯವಸ್ಥೆಯನ್ನು ಯಾವ ಹಳ್ಳಿಯೂ ಬಹುಕಾಲ ಸಹಿಸುವುದಿಲ್ಲ. ಆರೋಗ್ಯದ ಮಾತೂ ಇಲ್ಲಿಯೇ ಬರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನಕಾಯಿಲೆ ಸಿದ್ದಾಪುರ, ಹೊನ್ನಾವರದ ಕಡೆಗೂ ಕಾಣಿಸಿಕೊಳ್ಳುತ್ತದೆ. ಉಣುಗುಗಳ ಮೂಲಕ ಹರಡುವ ಈ ರೋಗದ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇವರೆಗೆ, ಅಂದರೆ ಕಾಡು ಸುತ್ತಲು ಹಿತವಾದ ತಿಂಗಳುಗಳಲ್ಲೇ. ಮೈತುಂಬ ಬಟ್ಟೆ ತೊಡಬೇಕು, ಕೈಕಾಲಿಗೆ ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಸವರಿಕೊಳ್ಳಬೇಕು, ಮಂಗ ಸತ್ತು ಬಿದ್ದ ಜಾಗದ ಹತ್ತಿರ ಸುಳಿಯಬಾರದು ಎಂಬುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಹೊರಗಿನಿಂದ ಬಂದವರು ಅರೆಚಡ್ಡಿಯಲ್ಲಿ ತರಗೆಲೆಯ ಮೇಲೆ ಅಂಗಾತ ಮಲಗುವುದನ್ನು ಕಂಡಾಗ, ಇವರಿಗೆ ಒಂದು ಮಾತು ಹೇಳುವವರಿರಬೇಕಿತ್ತು ಎಂದು ಅನಿಸುತ್ತದೆ. ಉಂಬಳದ ಕಡಿತದಿಂದ ರಕ್ತ ಹೋದರೂ ಪ್ರಾಣಕ್ಕೇನೂ ಆಗದು. ಉಣುಗಿನ ವಿಷಯದಲ್ಲಿ ಹಾಗೆ ಹೇಳಲಾಗದು.

ಪ್ರವಾಸಿಗರು ಹೆಚ್ಚಿದರೆ ಕಾಡು ಕೆಡುತ್ತದೆ, ಇದ್ದುದು ಇದ್ದಂತೆ ಬಿಡಿ ಎನ್ನುವ ಸ್ನೇಹಿತರು ನನಗಿದ್ದಾರೆ, ಅವರ ಆತಂಕ ನಿರಾಧಾರವಲ್ಲ. ಆದರೆ ಪ್ರವಾಸಿಗರು ಈಗಾಗಲೇ ಬರುತ್ತಿದ್ದಾರೆ. ಮೊಬೈಲಿನಲ್ಲಿ ಚಿತ್ರ ಕಂಡ ವಾರದೊಳಗೆ ಹೆಸರೇ ಇರದ ಹಳ್ಳದ ಬಳಿ ಹತ್ತಾರು ಬೈಕುಗಳು ನಿಲ್ಲುತ್ತವೆ. ಬರುವವರನ್ನು ತಡೆಯುವ ಶಕ್ತಿ ನಮ್ಮಲ್ಲಿಲ್ಲದಿರುವಾಗ, ಅವರನ್ನು ಎಲ್ಲಿ ನಿಲ್ಲಿಸಬೇಕು, ಏನು ಹೇಳಿ ಒಳಗೆ ಬಿಡಬೇಕು ಎಂಬುದನ್ನಾದರೂ ನಿರ್ಧರಿಸಬೇಡವೇ? ಒಂದೇ ಜಲಪಾತದ ಬುಡದಲ್ಲಿ ಸಾವಿರ ಜನ ಮುತ್ತುವುದಕ್ಕಿಂತ ಅವರಲ್ಲಿ ಮುನ್ನೂರು ಜನ ಸೋಂದಾದ ಕೋಟೆಯಲ್ಲಿ, ಇನ್ನೂರು ಜನ ಬಿಳಗಿಯ ರತ್ನತ್ರಯ ಬಸದಿ, ಗೋಲಬಾವಿಗಳ ಬಳಿ ಇರುವುದು ಕಾಡಿಗೂ ಒಳ್ಳೆಯದು, ನೋಡುವವರಿಗೂ ಒಳ್ಳೆಯದು. ಬಿಳಗಿಗೆ ಹೋಗಲು ಕಾಡನ್ನೇ ಹೊಗಬೇಕಿಲ್ಲ, ಊರಿನ ರಸ್ತೆಯಲ್ಲೇ ನಡೆದರಾಯಿತು.

ಆದಕಾರಣ ಜಿಲ್ಲಾಡಳಿತದಲ್ಲಿ ನನ್ನ ಬೇಡಿಕೆ ಇಷ್ಟು. ಇಡೀ ಜಿಲ್ಲೆಗೆ ಒಮ್ಮೆಲೇ ಬೇಡ. ಗೇರುಸೊಪ್ಪ, ಸೋಂದಾ, ಬಿಳಗಿ ಈ ಮೂರು ಕಡೆಗಳಲ್ಲಿ ಮೊದಲು ಆರಂಭಿಸಲಿ. ಆಯಾ ಪಂಚಾಯಿತಿಯಿಂದ ಆರೆಂಟು ಮಂದಿಯನ್ನು, ಅರ್ಧದಷ್ಟಾದರೂ ಹೆಣ್ಣುಮಕ್ಕಳಿರುವಂತೆ, ಆರಿಸಲಿ. ಯಲ್ಲಾಪುರ, ಜೋಯಿಡಾದ ಕಡೆಗೆ ಈ ಕೆಲಸ ವಿಸ್ತರಿಸುವಾಗ ಸಿದ್ದಿ, ಕುಣಬಿ ಸಮುದಾಯದ ಯುವಕರಿಗೆ ಮೊದಲ ಅವಕಾಶ ಸಿಗಲಿ, ಆ ಕಾಡನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಧಾರವಾಡದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು, ಶಿರಸಿಯ ಅರಣ್ಯ ಕಾಲೇಜಿನವರು ಪಾಠ ಹೇಳಲಿ. ತರಬೇತಿ ಮುಗಿದವರಿಗೆ ಗುರುತಿನ ಚೀಟಿ, ನಿಗದಿತ ಶುಲ್ಕ, ಮಳೆಗಾಲದ ಬಿಡುವಿನ ತಿಂಗಳುಗಳಿಗೆ ಒಂದಿಷ್ಟು ಗೌರವಧನ ದೊರೆಯಲಿ. ಶನಿವಾರ, ಭಾನುವಾರ ಶಿರಸಿಯಿಂದ ಸಹಸ್ರಲಿಂಗ, ಸೋಂದಾ, ಬನವಾಸಿ ಸುತ್ತಿ ಸಂಜೆಗೆ ಮರಳುವ ಒಂದು ಸಾರಿಗೆ ಬಸ್ಸು ಓಡಲಿ. ಕಾರಿಲ್ಲದವರೂ ಈ ನಾಡಿನವರೇ. ಫಲಕಗಳಲ್ಲಿ ಮೊದಲು ಕನ್ನಡ, ನಂತರ ಬೇರೆ ಭಾಷೆಗಳಲ್ಲಿ ಚರಿತ್ರೆಯ ನಾಲ್ಕು ಸಾಲು ಬರೆಸಲಿ, ಬರೆಸುವ ಮೊದಲು ತಿಳಿದವರಿಗೆ ತೋರಿಸಲಿ. ಈ ಎಲ್ಲಕ್ಕೂ ತಗಲುವ ವೆಚ್ಚ ಒಂದು ಗಾಜಿನ ಸೇತುವೆಯ ವೆಚ್ಚಕ್ಕಿಂತ ಎಷ್ಟೋ ಕಡಿಮೆ ಎಂಬುದನ್ನು ಲೆಕ್ಕ ಹಾಕದೆಯೂ ಹೇಳಬಹುದು.

ಮೂರು ಇಲಾಖೆಗಳ ಅಧಿಕಾರಿಗಳು ಮತ್ತು ಈ ಮೂರು ಪಂಚಾಯಿತಿಗಳ ಅಧ್ಯಕ್ಷರನ್ನು ಒಂದೇ ಸಭೆಗೆ ಕರೆದು, ಈ ಕೆಲಸದ ಮುಂದಾಳತ್ವ ಯಾರದೆಂದು ಗೊತ್ತುಪಡಿಸುವುದು ಜಿಲ್ಲಾಧಿಕಾರಿಗಳಿಂದ ಮಾತ್ರ ಸಾಧ್ಯ. ಸಹಸ್ರಲಿಂಗದಲ್ಲಿ ನೀರು ಇಳಿಯುವುದಕ್ಕೆ ಮುನ್ನ ಆ ಸಭೆ ನಡೆದರೆ, ಈ ವರ್ಷದ ಶಿವರಾತ್ರಿ ಜಾತ್ರೆಯ ಹೊತ್ತಿಗೆ ಮೊದಲ ತಂಡವನ್ನು ಅಲ್ಲಿ ಕೆಲಸಕ್ಕೆ ನಿಲ್ಲಿಸಬಹುದು.

ಇಂತಿ ತಮ್ಮ ವಿಶ್ವಾಸಿ,

ನಿವೃತ್ತ ಶಿಕ್ಷಕ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ